ಅಪೂರ್ವ ಗ್ರಂಥಗಳೂ ಅವುಗಳ ಹಿಂದಿನ ಒಡೆಯರೂ

ಪುಸ್ತಕವನ್ನು ಓದುವವನು ಬೇರೆ, ಪುಸ್ತಕವನ್ನು ಕೂಡಿಡುವವನು ಬೇರೆ ಎಂಬ ಭಾವನೆ ಲೋಕದಲ್ಲಿ ಬಹುಕಾಲದಿಂದ ನೆಲೆಸಿದೆ. ಓದುವವನನ್ನು ಜನ ಗೌರವಿಸುತ್ತಾರೆ. ಕೂಡಿಡುವವನನ್ನು ಕಂಡು ಒಳಗೊಳಗೇ ನಗುತ್ತಾರೆ. ಒಂದೇ ಗ್ರಂಥದ ಮೂರು ಪ್ರತಿಗಳು ಆತನ ಮನೆಯಲ್ಲಿದ್ದರಂತೂ ಆ ನಗೆ ಇನ್ನೂ ಹೆಚ್ಚುತ್ತದೆ. ಅದರ ಮೇಲೆ, “ಈ ಪ್ರತಿ ಹಿಂದೆ ಇಂಥವರ ಕೈಯಲ್ಲಿದ್ದುದು” ಎಂದು ಆತನು ಹಿಗ್ಗಿನಿಂದ ಹೇಳಿದನೆಂದರೆ, “ಯಾರ ಕೈಯಲ್ಲಿದ್ದರೇನು? ಒಳಗಿರುವ ಮಾತು ಒಂದೇ ತಾನೆ?” ಎಂದು ಕೇಳಿದವರು ಬಾಯಿ ಮುಚ್ಚಿಸಿಬಿಡುತ್ತಾರೆ. ಪ್ರಶ್ನೆಯೇನೋ ನ್ಯಾಯವಾದುದೇ. ಅದಕ್ಕೆ ನ್ಯಾಯವಾದ ಉತ್ತರವೂ ಉಂಟೆಂಬುದನ್ನು ತೋರಿಸುವುದೇ ಈ ಹೊತ್ತಿನ ನಮ್ಮ ಮಾತಿನ ಉದ್ದೇಶ.

ಕೃತಿಗೂ ಪ್ರತಿಗೂ ಇರುವ ಭೇದವನ್ನು ಮೊದಲು ಮನಸ್ಸಿಗೆ ತಂದುಕೊಳ್ಳೋಣ. ಕೃತಿ ಕವಿಯದು, ಅದು ಒಂದೇ. ಪ್ರತಿಗಳು ಹಲವು, ಒಂದೊಂದು ಪ್ರತಿಯೂ ಒಬ್ಬೊಬ್ಬರ ಪಾಲಿಗೆ ಬಂದದ್ದು. ಓಲೆಗರಿಯ ಕಾಲದಲ್ಲಿ ಈ ಭೇದವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಲಿಪಿಕಾರನು ಗ್ರಂಥದ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನು ಬರೆದು, ತನ್ನ ಹೆಸರನ್ನೂ ಯಾರಿಗಾಗಿ ಬರೆದನೆಂಬುದನ್ನೂ ಸೇರಿಸುವ ಪದ್ಧತಿಯಿತ್ತು. ಗ್ರಂಥವನ್ನು ಬರೆಯಿಸಿ ದಾನಮಾಡುವುದು ಪುಣ್ಯಕಾರ್ಯವೆನಿಸಿತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಕೀರ್ತಿಯಿಂದಲೇ ಅತ್ತಿಮಬ್ಬೆಯು ದಾನಚಿಂತಾಮಣಿಯಾಗಿ ಇಂದಿಗೂ ನಮ್ಮ ನಾಲಗೆಯ ಮೇಲಿದ್ದಾಳೆ. ಅಚ್ಚಿನ ಯಂತ್ರ ಬಂದಮೇಲೆ ಪ್ರತಿಗಳೆಲ್ಲ ಒಂದೇ ಅಚ್ಚಿನ ಬೆಲ್ಲವಾದುವೆಂದು ನಾವು ಎಣಿಸಿದೆವು. ಅದು ಅಚ್ಚುಕೂಟದ ಬಾಗಿಲವರೆಗೆ ಮಾತ್ರ ನಿಜ. ಬಾಗಿಲು ದಾಟಿದ ದಿನದಿಂದ ಒಂದೊಂದು ಪ್ರತಿಯ ಹಣೆಬರಹವೂ ಬೇರೆಬೇರೆಯಾಗುತ್ತದೆ.

ಆ ಹಣೆಬರಹವನ್ನು ಓದುವುದು ಹೇಗೆ? ಮೊದಲ ಹಾಳೆಯ ಮೇಲಿನ ಹಸ್ತಾಕ್ಷರ, ರಟ್ಟಿನ ಒಳಮೈಗೆ ಅಂಟಿಸಿದ ಹೆಸರಿನ ಚೀಟಿ, ಪುಸ್ತಕಾಲಯದ ಮೊಹರು, ಅಂಚಿನಲ್ಲಿ ಬರೆದ ಷರಾ, ಹೊದಿಕೆಯ ಮೇಲಿನ ಲಾಂಛನ, ಪುಟಗಳ ನಡುವೆ ಮರೆತುಹೋದ ರಸೀದಿ, ಇವೆಲ್ಲ ಒಡೆತನದ ಗುರುತುಗಳೇ. ಕೆಲವರು ತಮ್ಮ ಗುರುತನ್ನು ಬಚ್ಚಿಟ್ಟದ್ದೂ ಉಂಟು. ಹಿಂದಿನ ಕಾಲದ ಮುದ್ರಕರು ಕಟ್ಟುವವನಿಗೆ ಹಾಳೆಗಳ ಕ್ರಮ ತಿಳಿಯಲೆಂದು ಪುಟದ ಅಡಿಯಲ್ಲಿ ಅಕ್ಷರಗಳನ್ನು ಅನುಕ್ರಮವಾಗಿ ಮುದ್ರಿಸುತ್ತಿದ್ದರು. ಅಮೆರಿಕದ ಮೂರನೆಯ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ‘ಐ’ ಅಕ್ಷರವಿರುವ ಕಡೆ ಅದರ ಹಿಂದೆ ‘ಟಿ’ ಎಂದೂ, ‘ಟಿ’ ಅಕ್ಷರವಿರುವ ಕಡೆ ಅದರ ಮುಂದೆ ‘ಐ’ ಎಂದೂ ಬರೆದು ತನ್ನ ಹೆಸರಿನ ಮೊದಲಕ್ಷರಗಳನ್ನು ಪೂರ್ತಿಮಾಡಿಬಿಡುತ್ತಿದ್ದನು. ಲ್ಯಾಟಿನ್ ಪದ್ಧತಿಯಲ್ಲಿ ‘ಐ’ ಮತ್ತು ‘ಜೆ’ ಒಂದೇ. 1815ರಲ್ಲಿ ಆತನ 6,487 ಸಂಪುಟಗಳನ್ನು ಅಮೆರಿಕದ ಶಾಸನಸಭೆಯು ಕೊಂಡಿತು. 1851ರ ಬೆಂಕಿಯಲ್ಲಿ ಅವುಗಳ ಮೂರರಲ್ಲಿ ಎರಡು ಪಾಲು ಸುಟ್ಟುಹೋದುವು. ಉಳಿದವುಗಳಲ್ಲಿ ಯಾವುವು ಆತನವೆಂದು ಸಾಕ್ಷಿ ಹೇಳುವುದು ಪುಟದಡಿಯ ಈ ಪುಟ್ಟ ಅಕ್ಷರಗಳೇ.

ಹಿಂದಿನ ಒಡೆತನದಿಂದ ಪುಸ್ತಕಕ್ಕೆ ಎಷ್ಟು ಅರ್ಥ ಬರುತ್ತದೆಂಬುದಕ್ಕೆ ಷೇಕ್ಸ್‌ಪಿಯರ್ ಮಹಾಕವಿಯ ನಾಟಕಗಳ ಮೊದಲನೆಯ ಸಂಕಲನವು ಒಳ್ಳೆಯ ನಿದರ್ಶನ. 1623ರಲ್ಲಿ ಅಚ್ಚಾದ ಈ ದೊಡ್ಡ ಗ್ರಂಥದ ಸುಮಾರು 750 ಪ್ರತಿಗಳು ಹೊರಬಂದಿರಬಹುದೆಂದು ವಿದ್ವಾಂಸರ ಅಂದಾಜು. ಇಂದು ತಿಳಿದಿರುವುವು ಸುಮಾರು 235. ಆಕ್ಸ್‌ಫರ್ಡಿನ ಬಾಡ್ಲಿಯನ್ ಪುಸ್ತಕಭಂಡಾರಕ್ಕೆ ಒಂದು ಪ್ರತಿ ಅಚ್ಚಾದ ಹೊಸತರಲ್ಲಿಯೇ ಬಂದಿತು. 1624ರಲ್ಲಿ ಅದನ್ನು ಕಟ್ಟಿಸಿ, ಅಂದಿನ ಪದ್ಧತಿಯಂತೆ ಸರಪಳಿ ಬಿಗಿದು ಓದುವವರಿಗೆ ಇಟ್ಟರು. ನಲವತ್ತು ವರ್ಷ ಕಳೆಯಿತು. ಅದೇ ಗ್ರಂಥದ ಮೂರನೆಯ ಮುದ್ರಣ ಹೊರಬಿದ್ದಿತು. ಹೊಸದು ಬಂದಮೇಲೆ ಹಳೆಯದೇಕೆಂದು ಪುಸ್ತಕಭಂಡಾರದವರು ಬೇಡವಾದ ಇತರ ಪುಸ್ತಕಗಳೊಂದಿಗೆ ಅದನ್ನೂ ಮಾರಿಬಿಟ್ಟರೆಂದು ತೋರುತ್ತದೆ. ಇಡಿಯ ರಾಶಿಗೆ ಬಂದ ಹಣ 24 ಪೌಂಡು.

1905ರಲ್ಲಿ ಯುವಕನೊಬ್ಬನು ತನ್ನ ಮನೆಯಲ್ಲಿದ್ದ ಜೀರ್ಣವಾದ ಪುಸ್ತಕವೊಂದನ್ನು ಅದೇ ಭಂಡಾರಕ್ಕೆ ತಂದು, ಇದರ ಕಟ್ಟನ್ನು ಸರಿಪಡಿಸುವುದು ಹೇಗೆಂದು ಸಲಹೆ ಕೇಳಿದನು. ಅಲ್ಲಿನ ಅಧಿಕಾರಿಗಳು ರಟ್ಟನ್ನೂ ಅದರೊಳಗೆ ಅಂಟಿಸಿದ್ದ ರದ್ದಿಹಾಳೆಯನ್ನೂ ಅಂಚಿನಲ್ಲಿ ಸರಪಳಿ ಬಿಗಿದಿದ್ದ ಗುರುತನ್ನೂ ನೋಡಿದರು. ತಮ್ಮಲ್ಲಿ ಅದೇ ಕಾಲದಲ್ಲಿ ಕಟ್ಟಿಸಿದ್ದ ಪುಸ್ತಕಗಳೊಂದಿಗೆ ಹೋಲಿಸಿದರು. ಸಂಶಯವೇ ಉಳಿಯಲಿಲ್ಲ. ಇನ್ನೂರ ನಲವತ್ತು ವರ್ಷಗಳ ಹಿಂದೆ ಮನೆ ಬಿಟ್ಟುಹೋದ ಮಗನು ಬಾಗಿಲಿಗೆ ಬಂದು ನಿಂತಂತಾಯಿತು. ಅಮೆರಿಕದ ಸಂಗ್ರಾಹಕನಾದ ಫೋಲ್ಜರ್ ಎಂಬಾತನು, ತನ್ನ ಹೆಸರನ್ನು ಹೊರಗೆಡಹದೆ, ಇದಕ್ಕೆ 3,000 ಪೌಂಡು ಕೊಡಲು ಮುಂದೆ ಬಂದನು. ಆಕ್ಸ್‌ಫರ್ಡಿನವರು ಸಾರ್ವಜನಿಕರಿಂದ ವಂತಿಗೆಯೆತ್ತಿ ಅಷ್ಟೇ ಹಣವನ್ನು ಕೂಡಿಸಿ, 1906ರಲ್ಲಿ ತಾವು ಮಾರಿದುದನ್ನು ತಾವೇ ಕೊಂಡುಕೊಂಡರು. ಆ ಯುವಕನ ಮನೆಯವರು ಹಿಂದೆಯೇ ಯಾವನೋ ಕುಶಲಿಯ ಕೈಯಲ್ಲಿ ಹೊಸ ಚರ್ಮ ಹೊದಿಸಿ, ಚಿನ್ನದ ಅಂಚು ಕಟ್ಟಿಸಿದ್ದರೆ ಏನಾಗುತ್ತಿತ್ತು? ಪುಸ್ತಕ ಬಹಳ ಅಂದವಾಗಿರುತ್ತಿತ್ತು. ಅದರ ಕಥೆ ಮಾತ್ರ ಸತ್ತುಹೋಗುತ್ತಿತ್ತು.

ಕಥೆ ಉಳಿದುದರಿಂದ ಬಂದ ಲಾಭವೇನೆಂದು ಕೇಳಬಹುದು. ಈ ಪ್ರತಿಯ ಹಾಳೆಗಳ ಸವೆತವನ್ನು ನೋಡಿದರೆ ಸರಪಳಿಯ ಕಾಲದ ವಿದ್ಯಾರ್ಥಿಗಳು ಯಾವ ನಾಟಕವನ್ನು ಹೆಚ್ಚಾಗಿ ಓದಿದರೆಂಬುದು ತಿಳಿಯುತ್ತದೆ. ರೋಮಿಯೋ ಮತ್ತು ಜೂಲಿಯೆಟ್ ನಾಟಕದ ಹಾಳೆಗಳೇ ಎಲ್ಲಕ್ಕಿಂತ ಹೆಚ್ಚು ನವೆದಿವೆ. ಅದರಲ್ಲಿಯೂ ಉಪ್ಪರಿಗೆಯ ಸನ್ನಿವೇಶದ ಎದುರಿನ ಪುಟದ ಮೇಲೆ ತರುಣರ ಮೊಳಕೈ ಊರಿ ಊರಿ ಕಾಗದ ತೆಳುವಾಗಿದೆ. ಆಕ್ಸ್‌ಫರ್ಡಿನ ಘನವಾದ ಪಾಠಪಟ್ಟಿಗಳಲ್ಲಿ ಕಾಣದ ಒಂದು ಸತ್ಯವನ್ನು ಈ ಸವೆದ ಹಾಳೆ ಹೇಳುತ್ತದೆ. ಇದೇ ಸಂಕಲನದ ಇನ್ನೊಂದು ಪ್ರತಿ ಫಿಲಡೆಲ್ಫಿಯ ನಗರದ ಸಾರ್ವಜನಿಕ ಪುಸ್ತಕಾಲಯದಲ್ಲಿದೆ. ಅದರ ಅಂಚುಗಳಲ್ಲಿ 17ನೆಯ ಶತಮಾನದ ಯಾರೋ ಓದುಗನು ಪಾಠಗಳನ್ನು ತಿದ್ದಿ, ಮೆಚ್ಚಿದ ಸಾಲುಗಳಿಗೆ ಗುರುತು ಹಾಕಿದ್ದನು. ಬಹುಕಾಲ ಆತನು ‘ಯಾರೋ’ ಆಗಿಯೇ ಇದ್ದನು. 2019ರಲ್ಲಿ ಕೇಂಬ್ರಿಜ್ಜಿನ ವಿದ್ವಾಂಸರೊಬ್ಬರು ಆ ಕೈಬರಹವನ್ನು ಮಹಾಕವಿ ಮಿಲ್ಟನ್ನನದೆಂದು ಗುರುತಿಸಿದರು. ಅನೇಕ ತಜ್ಞರು ಅದನ್ನು ಒಪ್ಪಿದ್ದಾರೆ. ಒಬ್ಬ ಮಹಾಕವಿ ಇನ್ನೊಬ್ಬ ಮಹಾಕವಿಯನ್ನು ಓದುತ್ತಿರುವುದನ್ನು ನಾವು ಬೆನ್ನ ಹಿಂದೆ ನಿಂತು ನೋಡಿದಂತಾಗುವುದು ಸಣ್ಣ ಭಾಗ್ಯವೆ?

ಬರೆಯದೆ ಬಿಟ್ಟುದೂ ಸಾಕ್ಷಿಯೇ. 1873ರಲ್ಲಿ ಕಾರ್ಲ್ ಮಾರ್ಕ್ಸನು ತನ್ನ ‘ಬಂಡವಾಳ’ ಗ್ರಂಥದ ಎರಡನೆಯ ಮುದ್ರಣದ ಪ್ರತಿಯೊಂದಕ್ಕೆ ತನ್ನ ಆದರವನ್ನು ಸೂಚಿಸುವ ಮಾತನ್ನು ಬರೆದು ಚಾರ್ಲ್ಸ್ ಡಾರ್ವಿನ್ನನಿಗೆ ಕಳುಹಿಸಿದನು. ಡಾರ್ವಿನ್ ವಿನಯದಿಂದ ವಂದನೆ ತಿಳಿಸಿದನು. ಆಗಿನ ಪುಸ್ತಕಗಳ ಹಾಳೆಗಳು ಮಡಿಕೆಯಲ್ಲಿಯೇ ಇರುತ್ತಿದ್ದುವು. ಓದುವವನು ಚಾಕುವಿನಿಂದ ಕತ್ತರಿಸಿಕೊಂಡು ಮುಂದೆ ಹೋಗಬೇಕು. 822 ಪುಟಗಳ ಆ ಗ್ರಂಥದಲ್ಲಿ ಡಾರ್ವಿನ್ನನ ಚಾಕು 105ನೆಯ ಪುಟದಲ್ಲಿಯೇ ನಿಂತಿದೆ. ಈ ಇಬ್ಬರ ಸಂಬಂಧವನ್ನು ಕುರಿತು ಎಷ್ಟೋ ಊಹೆಗಳು ಹಬ್ಬಿದ್ದುವು. ಕತ್ತರಿಸದ ಹಾಳೆಗಳು ಅವುಗಳಲ್ಲಿ ಎಷ್ಟನ್ನೋ ಮೌನವಾಗಿಯೇ ಕತ್ತರಿಸುತ್ತವೆ.

ಒಡೆಯನ ಹೆಸರು ಮರೆತುಹೋದರೆ ಆಗುವ ನಷ್ಟಕ್ಕೆ ಐಸಾಕ್ ನ್ಯೂಟನ್ನನ ಪುಸ್ತಕಗಳೇ ಸಾಕ್ಷಿ. 1727ರಲ್ಲಿ ಆತನು ಉಯಿಲಿಲ್ಲದೆ ತೀರಿಕೊಂಡಮೇಲೆ ಹಗಿನ್ಸ್ ಎಂಬಾತನು ಆ ಸಂಗ್ರಹವನ್ನು 300 ಪೌಂಡಿಗೆ ಕೊಂಡು, ಪಾದ್ರಿಯಾಗಿದ್ದ ತನ್ನ ಮಗನಿಗೆ ಕಳುಹಿಸಿದನು. ಮಗನು ತನ್ನ ಹೆಸರಿನ ಚೀಟಿಯನ್ನು ಅಂಟಿಸಿದನು. ಆತನ ತರುವಾಯ ಬಂದ ಮಸ್‌ಗ್ರೇವ್ ಎಂಬ ಪಾದ್ರಿಯು ತನ್ನ ಚೀಟಿಯನ್ನು ಅಂಟಿಸಿದನು. ನ್ಯೂಟನ್ನನಿಗೋ ಪುಸ್ತಕದಲ್ಲಿ ಹೆಸರು ಬರೆಯುವ ಅಭ್ಯಾಸ ಹೆಚ್ಚಾಗಿರಲಿಲ್ಲ. ಹೀಗಾಗಿ ತಲೆಮಾರುಗಳು ಕಳೆದಂತೆ ಮನೆಯವರ ನೆನಪಿನಿಂದಲೂ ಆ ಹೆಸರು ಅಳಿಸಿಹೋಯಿತು. 1920ರಲ್ಲಿ ಆ ಪುಸ್ತಕಗಳಲ್ಲಿ ಬಹುಭಾಗ ಮನೆಯ ಇತರ ಸಾಮಾನುಗಳೊಂದಿಗೆ ಕಟ್ಟುಕಟ್ಟಾಗಿ ಹರಾಜಾದುವು. ಕೊಂಡವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಉಳಿದ ಎಂಟುನೂರಕ್ಕೂ ಮಿಕ್ಕ ಸಂಪುಟಗಳನ್ನು 1943ರಲ್ಲಿ ಧರ್ಮನಿಧಿಯೊಂದು ಕೊಂಡು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಒಪ್ಪಿಸಿತು. ಚೆದರಿದವುಗಳನ್ನು ಗುರುತಿಸಲು ಇಂದು ನೆರವಾಗುವುವು ಎರಡು. ಒಂದು, ಆ ಇಬ್ಬರು ಪಾದ್ರಿಗಳ ಚೀಟಿ; ಇನ್ನೊಂದು, ನ್ಯೂಟನ್ನನ ವಿಚಿತ್ರವಾದ ಒಂದು ಅಭ್ಯಾಸ. ಆತನು ಪುಟದ ಮೂಲೆಯನ್ನು ಮಡಿಸುತ್ತಿದ್ದನು. ಹೇಗೆಂದರೆ, ಮಡಿಸಿದ ತುದಿಯು ತನಗೆ ಬೇಕಾದ ಮಾತಿನ ಮೇಲೆಯೇ ಬೆರಳಿಟ್ಟಂತೆ ನಿಲ್ಲಬೇಕು. ಪುಟ ಮಡಿಸಬೇಡವೆಂದು ಮಕ್ಕಳಿಗೆ ನಾವು ಬುದ್ಧಿ ಹೇಳುತ್ತೇವೆ, ಹೇಳಬೇಕಾದುದೂ ಸರಿಯೆ. ಆದರೆ ಹಳೆಯ ಪುಸ್ತಕದಲ್ಲಿ ಯಾರೋ ಮಡಿಸಿಟ್ಟುದನ್ನು ಬಿಡಿಸಿ ನೇರಮಾಡುವ ಮೊದಲು, ಮಡಿಸಿದವನು ಯಾರೆಂದು ಒಂದು ಗಳಿಗೆ ಯೋಚಿಸುವುದೂ ವಿವೇಕವೇ.

ಇನ್ನು ನಮ್ಮ ನಾಡಿಗೆ ಬರೋಣ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಟೀಪು ಸುಲ್ತಾನನ ಅರಮನೆಯಲ್ಲಿ ಸುಮಾರು ಎರಡು ಸಾವಿರ ಸಂಪುಟಗಳ ಗ್ರಂಥಭಂಡಾರವು ಇಂಗ್ಲಿಷರ ಕೈಸೇರಿತು. ಅವುಗಳಲ್ಲಿ ಕೆಲವು ಕಲ್ಕತ್ತೆಗೆ, ಕೆಲವು ಲಂಡನ್ನಿಗೆ, ಕೆಲವು ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಿಗೆ ಹಂಚಿಹೋದುವು. ಚಾರ್ಲ್ಸ್ ಸ್ಟೂವರ್ಟ್ ಎಂಬ ವಿದ್ವಾಂಸನು ಅವುಗಳ ವಿವರವಾದ ಪಟ್ಟಿಯನ್ನು 1809ರಲ್ಲಿ ಪ್ರಕಟಿಸಿದನು. ಸುಲ್ತಾನನು ಹೊಸದಾಗಿ ಕಟ್ಟಿಸಿದ ಗ್ರಂಥಗಳ ಹೊದಿಕೆಯನ್ನು ಆತನು ವರ್ಣಿಸಿದ್ದಾನೆ: ನಡುವೆ ದೇವರ ಮತ್ತು ಪ್ರವಾದಿಯ ಮನೆತನದವರ ಹೆಸರುಗಳು, ನಾಲ್ಕು ಮೂಲೆಗಳಲ್ಲಿ ನಾಲ್ವರು ಖಲೀಫರ ಹೆಸರುಗಳು, ಮೇಲುಗಡೆ ‘ಸರ್ಕಾರೆ ಖುದಾದಾದ್’ ಎಂಬ ರಾಜ್ಯದ ಹೆಸರು. ಈ ಹೊದಿಕೆಯನ್ನು ಕಂಡೊಡನೆ, ಗ್ರಂಥವು ಲಂಡನ್ನಿನಲ್ಲಿರಲಿ, ಕಲ್ಕತ್ತೆಯಲ್ಲಿರಲಿ, ಅದು ಕಾವೇರಿಯ ದಂಡೆಯಿಂದ ಹೋದುದೆಂದು ಹೇಳಬಹುದಾಗಿದೆ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅವುಗಳಲ್ಲಿ ಹೈದರನಾಗಲಿ ಟೀಪುವಾಗಲಿ ಹಣ ಕೊಟ್ಟು ಕೊಂಡುವು ಬಹಳ ಕಡಿಮೆಯೆಂದೂ, ಹೆಚ್ಚಿನವು ಸವಣೂರು, ಕಡಪ, ಕರ್ನಾಟಿಕದ ಸೀಮೆಗಳಿಂದ ಯುದ್ಧದಲ್ಲಿ ಬಂದುವೆಂದೂ ಸ್ಟೂವರ್ಟನೇ ಹೇಳುತ್ತಾನೆ. ಬಹುಪಾಲು ಚಿತ್ತೂರಿನ ನವಾಬನವು. ಕೆಲವು ಅದಕ್ಕೂ ಹಿಂದೆ ಬಿಜಾಪುರದ ಮತ್ತು ಗೋಲ್ಕೊಂಡದ ಸುಲ್ತಾನರವು. ಹೊಸ ಹೊದಿಕೆಯ ಒಳಗೆ ಹಳೆಯ ಒಡೆಯರ ಮುದ್ರೆಗಳು ಒಂದರ ಪಕ್ಕದಲ್ಲೊಂದು ಕುಳಿತಿವೆ. ಹಾಗಾದರೆ ಈ ಗ್ರಂಥ ಯಾರದು? ಬಿಜಾಪುರದ್ದೆ, ಚಿತ್ತೂರಿನದೆ, ಶ್ರೀರಂಗಪಟ್ಟಣದ್ದೆ, ಲಂಡನ್ನಿನದೆ? ಈ ವ್ಯಾಜ್ಯವನ್ನು ನಾವು ಇಲ್ಲಿ ಕುಳಿತು ತೀರ್ಮಾನಿಸಲಾರೆವು. ಇಷ್ಟು ಮಾತ್ರ ಹೇಳಬಹುದು: ಆ ಪ್ರಶ್ನೆಯನ್ನು ಕೇಳುವುದಕ್ಕೆ ಆಧಾರವೇ ಆ ಮುದ್ರೆಗಳು. ಗೆದ್ದವನು ಪ್ರತಿಸಲವೂ ಹಿಂದಿನವನ ಗುರುತನ್ನು ಕೆರೆದು ಹಾಕಿದ್ದರೆ, ದಖ್ಖನಿನ ಮೂರು ಶತಮಾನಗಳ ವಿದ್ಯೆಯ ಸಂಚಾರಕ್ಕೆ ಈ ಸಾಕ್ಷಿ ಇರುತ್ತಿರಲಿಲ್ಲ.

ಗುರುತು ಇಲ್ಲದೆ ಹೋದರೆ ಏನಾಗುತ್ತದೆಂಬುದಕ್ಕೆ ನಮ್ಮ ಮೈಸೂರಿನಲ್ಲಿಯೇ ಒಂದು ಉದಾಹರಣೆ ಉಂಟು. 1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಗ್ರಂಥಲಿಪಿಯ ಓಲೆಗರಿಯ ಕಟ್ಟೊಂದನ್ನು ಒಪ್ಪಿಸಿದರು. ಅದನ್ನು ಬಿಚ್ಚಿ ಓದಿದ ರುದ್ರಪಟ್ಟಣದ ಶಾಮಶಾಸ್ತ್ರಿಗಳಿಗೆ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ತಿಳಿಯಿತು. 1909ರಲ್ಲಿ ಅವರು ಅದನ್ನು ಅಚ್ಚುಮಾಡಿಸಿದಾಗ ಪ್ರಪಂಚದ ವಿದ್ವಾಂಸರು ಬೆರಗಾದರು. ಶಾಸ್ತ್ರಿಗಳ ಹೆಸರು ಅಜರಾಮರವಾಯಿತು. ಆದರೆ ಕಟ್ಟನ್ನು ತಂದುಕೊಟ್ಟ ಆ ಪಂಡಿತರು? ಅವರು ತಂಜಾವೂರು ಜಿಲ್ಲೆಯವರೆಂದಷ್ಟೇ ಲೋಕಕ್ಕೆ ತಿಳಿದದ್ದು. ಅವರ ಮನೆಗೆ ಆ ಗ್ರಂಥವು ಹೇಗೆ ಬಂದಿತು, ಯಾವ ಗುರುಪರಂಪರೆ ಅದನ್ನು ಕಾಪಾಡಿತು, ಅದೇ ಮನೆಯ ಅಟ್ಟದ ಮೇಲೆ ಇನ್ನೇನು ಇದ್ದಿತು, ಎಂದು ಕೇಳಲು ದಾರಿಯೇ ಇಲ್ಲ. ಪುಸ್ತಕದ ಒಡೆಯನ ಹೆಸರನ್ನು ಬರೆದಿಡುವುದು ಉಪಚಾರದ ಮಾತಲ್ಲ. ಮುಂದಿನ ಹುಡುಕಾಟಕ್ಕೆ ದಾರಿಯನ್ನು ತೆರೆದಿಡುವ ಕೆಲಸ ಅದು.

ಒಡೆತನದ ಗುರುತು ಕಳ್ಳನಿಗೂ ಶತ್ರು. 1841ರಲ್ಲಿ ಫ್ರಾನ್ಸಿನ ಸರ್ಕಾರವು ತನ್ನ ಪುಸ್ತಕಾಲಯಗಳ ಹಸ್ತಪ್ರತಿಗಳ ಪಟ್ಟಿಮಾಡಿಸುವ ಕಾರ್ಯದಲ್ಲಿ ಲಿಬ್ರಿ ಎಂಬ ಗಣಿತ ವಿದ್ವಾಂಸನನ್ನು ನೇಮಿಸಿತು. ಬೆಕ್ಕಿಗೆ ಹಾಲಿನ ಕಾವಲು ಕೊಟ್ಟಂತಾಯಿತು. ಆತನು ಊರೂರು ಸುತ್ತಿ ಅಮೂಲ್ಯ ಗ್ರಂಥಗಳನ್ನು ಕದ್ದು, ಮಠಗಳ ಹೆಸರನ್ನು ಕೆರೆದು, ಇಟಲಿಯ ಮಠಗಳ ಹೆಸರನ್ನು ಬರೆಯಿಸಿದನು. ಫ್ಲೂರಿಯ ಮಠದ್ದು ಫ್ಲಾರೆನ್ಸಿನದಾಯಿತು. 1847ರಲ್ಲಿ ಇಂಗ್ಲೆಂಡಿನ ಪ್ರಭುವೊಬ್ಬನಿಗೆ ಅವನ್ನು ಮಾರಿ, ಮರುವರ್ಷ ತಾನೂ ಲಂಡನ್ನಿಗೆ ಓಡಿಹೋದನು. 1850ರಲ್ಲಿ ಪ್ಯಾರಿಸಿನ ನ್ಯಾಯಾಲಯವು ಆತನ ಪರೋಕ್ಷದಲ್ಲಿಯೇ ಹತ್ತು ವರ್ಷದ ಶಿಕ್ಷೆ ವಿಧಿಸಿತು. ಆದರೂ ದೊಡ್ಡದೊಡ್ಡವರು ಆತನನ್ನು ನಿರಪರಾಧಿಯೆಂದೇ ವಾದಿಸಿದರು. ಕೊನೆಗೆ ಲೆಯೋಪೋಲ್ಡ್ ದಲೀಲ್ ಎಂಬ ಪಂಡಿತನು ಒಂದೊಂದೇ ಹಾಳೆಯನ್ನು ಪರೀಕ್ಷಿಸಿ ಸುಳ್ಳನ್ನು ಬಯಲಿಗೆಳೆದನು. 1888ರಲ್ಲಿ ಅನೇಕ ಗ್ರಂಥಗಳು ಪ್ಯಾರಿಸಿಗೆ ಮರಳಿದುವು. ಇದರಿಂದ ನಾವು ಕಲಿಯಬೇಕಾದುದು ಎರಡು. ಬರೆದಿರುವ ಹೆಸರನ್ನೆಲ್ಲ ನಂಬಬಾರದು. ಕೆರೆದಿರುವ ಜಾಗವನ್ನು ನೋಡದೆ ಬಿಡಬಾರದು.

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ದೊಡ್ಡವರು ಮುಟ್ಟಿದ ಪುಸ್ತಕಕ್ಕೆ ಹೆಚ್ಚು ಬೆಲೆ ಕೊಡುವುದು ಪಾದುಕಾಪೂಜೆಯಂತಲ್ಲವೆ, ವಿದ್ಯೆಗೆ ಅದರಿಂದೇನು ಎನ್ನಬಹುದು. ಹರಾಜಿನ ಕಟ್ಟೆಯಲ್ಲಿ ಈ ದೋಷ ಇಲ್ಲದಿಲ್ಲ. ಬರಿಯ ಹೆಸರಿಗಾಗಿ ಹಣ ಸುರಿದು, ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವವರನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಹಿಂದಿನ ಒಡೆಯನು ಪ್ರಸಿದ್ಧನೇ ಆಗಿರಬೇಕೆಂಬ ನಿಯಮವಿಲ್ಲ. ಊರ ಶಾಲೆಯ ಉಪಾಧ್ಯಾಯರು ತಮ್ಮ ವ್ಯಾಕರಣ ಪುಸ್ತಕದ ಅಂಚಿನಲ್ಲಿ ಬರೆದ ಟಿಪ್ಪಣಿ, ಮದುವೆಯಲ್ಲಿ ಉಡುಗೊರೆಯಾಗಿ ಬಂದ ಭಾರತದ ಮೊದಲ ಹಾಳೆಯ ಮೇಲಿನ ಹಾರೈಕೆ, ಅಕ್ಷರ ಕಲಿತ ಹೊಸತರಲ್ಲಿ ಅಜ್ಜಿಯೊಬ್ಬರು ನಡುಗುವ ಕೈಯಿಂದ ಬರೆದ ತಮ್ಮದೇ ಹೆಸರು, ಇವು ನಾಡಿನ ವಿದ್ಯೆ ಯಾವ ಯಾವ ಬಾಗಿಲನ್ನು ಹೊಕ್ಕಿತೆಂಬುದರ ದಾಖಲೆಗಳು. ಅರಸರ ಚರಿತ್ರೆಗೆ ಶಾಸನಗಳಿವೆ. ಓದುಗರ ಚರಿತ್ರೆಗೆ ಇವೇ ಶಾಸನಗಳು.

ಬೆಂಗಳೂರಿನ ಅವಿನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳ ಮುಂದೆ ನಿಂತು ನೋಡಿದವರಿಗೆ ಈ ಮಾತು ಚೆನ್ನಾಗಿ ತಿಳಿಯುತ್ತದೆ. ಒಂದು ಮನೆಯ ಹಿರಿಯರು ತೀರಿಕೊಂಡ ಕೆಲವು ತಿಂಗಳಿಗೆ ಅವರ ಐವತ್ತು ವರ್ಷದ ಸಂಗ್ರಹವು ಮೂಟೆಯಾಗಿ ಬಂದು ಬೀಳುತ್ತದೆ. ಹತ್ತು ದಿಕ್ಕಿಗೆ ಚೆದರುತ್ತದೆ. ಮಾರುವುದು ತಪ್ಪೆಂದು ನಾವು ಹೇಳುವುದಿಲ್ಲ. ಎಲ್ಲರ ಮನೆಯಲ್ಲಿಯೂ ಸ್ಥಳವಿರುವುದಿಲ್ಲ. ಎಲ್ಲ ಮಕ್ಕಳಿಗೂ ಅದೇ ಅಭಿರುಚಿ ಇರಬೇಕೆಂದಿಲ್ಲ. ಆದರೆ ಮಾರುವ ಮೊದಲು, ಮರ್ಯಾದೆಗೆ ಕುಂದೆಂದು ಹೆಸರಿರುವ ಹಾಳೆಯನ್ನು ಹರಿದುಹಾಕುವ ಒಂದು ಪದ್ಧತಿ ಉಂಟು. ಅದನ್ನು ಮಾತ್ರ ದಯವಿಟ್ಟು ಮಾಡಬಾರದು. ಮೂಟೆ ಕಟ್ಟುವ ಮುನ್ನ ಪುಸ್ತಕಗಳ ಒಂದು ಪಟ್ಟಿಯನ್ನು ಬರೆದಿಟ್ಟುಕೊಂಡರೆ, ಆ ಹಿರಿಯರ ಮನಸ್ಸಿನ ಒಂದು ನಕ್ಷೆಯಾದರೂ ಮನೆಯಲ್ಲಿ ಉಳಿಯುತ್ತದೆ.

ಕೊಳ್ಳುವವರಿಗೂ ಕೆಲವು ಕರ್ತವ್ಯಗಳುಂಟು. ಹಳೆಯ ಕಟ್ಟು ಸಡಿಲವಾಗಿದ್ದರೆ ತಕ್ಷಣ ಕಿತ್ತು ಹೊಸದು ಹಾಕಿಸಬಾರದು. ತಿಳಿದವರನ್ನು ಕೇಳಿ, ಹಳೆಯ ರಟ್ಟನ್ನೂ ಚೀಟಿಯನ್ನೂ ಉಳಿಸಿಯೇ ದುರಸ್ತಿಮಾಡಿಸಬೇಕು. ಹಿಂದಿನವರ ಬರಹವನ್ನು ಅಳಿಸಬಾರದು. ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡೆವೆಂಬುದನ್ನು ಸೀಸದಕಡ್ಡಿಯಿಂದ ಹಗುರವಾಗಿ ಬರೆದಿಡಬೇಕು. ರಸೀದಿಯಿದ್ದರೆ ಅದನ್ನೂ ಜೋಪಾನಮಾಡಬೇಕು. ಸಾರ್ವಜನಿಕ ಪುಸ್ತಕಾಲಯದ ಮೊಹರಿದ್ದು, ಅದನ್ನು ಅವರೇ ವಿಲೇವಾರಿಮಾಡಿದರೆಂಬ ಗುರುತು ಇಲ್ಲದಿದ್ದರೆ, ಆ ಪುಸ್ತಕಾಲಯವನ್ನು ಒಂದು ಮಾತು ವಿಚಾರಿಸುವುದು ನ್ಯಾಯ. ಅಗ್ಗಕ್ಕೆ ಸಿಕ್ಕಿತೆಂಬ ಸಂತೋಷವು ಆ ವಿಚಾರಣೆಗೆ ಅಡ್ಡಿ ಬರಬಾರದು.

ಪುಸ್ತಕಕ್ಕೆ ನಾವು ಒಡೆಯರೆಂದು ಹೇಳಿಕೊಳ್ಳುವುದು ಲೋಕವ್ಯವಹಾರದ ಮಾತು. ನಿಜವಾಗಿ ನೋಡಿದರೆ ಒಳ್ಳೆಯ ಪುಸ್ತಕದ ಆಯುಸ್ಸು ನಮ್ಮ ಆಯುಸ್ಸಿಗಿಂತ ದೊಡ್ಡದು. ಅದು ನಮ್ಮ ಮನೆಯಲ್ಲಿ ಕೆಲವು ಕಾಲ ತಂಗಿದ್ದು ಮುಂದಕ್ಕೆ ಹೋಗುವ ಅತಿಥಿ. ಹಿಂದಿನ ಮನೆಯವರು ಅದರ ಕೈಯಲ್ಲಿ ಕೊಟ್ಟ ಓಲೆಯನ್ನು ಹರಿಯದೆ, ನಮ್ಮದೊಂದು ಸಾಲನ್ನು ಸೇರಿಸಿ, ಮುಂದಿನ ಮನೆಗೆ ಬೀಳ್ಕೊಡುವುದು ಆತಿಥ್ಯದ ಧರ್ಮ. ಕೂಡಿಡುವವನು ಈ ಧರ್ಮವನ್ನು ನಡೆಸಿದನಾದರೆ, ಓದುವವನಿಗೆ ಸಲ್ಲುವ ಗೌರವದಲ್ಲಿ ಆತನಿಗೂ ಒಂದು ಪಾಲು ಸಲ್ಲತಕ್ಕದ್ದೇ.